ಸೀಟಿ ಇಲ್ಲದ ಕಂಡಕ್ಟರ್

"ಬಸ್ಸು ಇನ್ನೂ ಸ್ಟ್ಯಾಂಡೇ ಬಿಟ್ಟಿಲ್ವಲ್ಲಮ್ಮಾ?"

ಮಂಗಳವಾರ ಸಂಜೆ ಕೆಳಗಿನ ಮನೆ ಅಂಕಲ್ ಹೀಗೆ ಕೇಳಿದರು. ಇವತ್ತು ಶನಿವಾರ. ಪಾತ್ರೆ ತೊಳೆಯುವಾಗ, ಗಿಡಕ್ಕೆ ನೀರು ಹಾಕುವಾಗ, ರಾತ್ರಿ ಲೈಟ್ ಆರಿಸಿದ ಮೇಲೂ ಅದೇ ಮಾತು ಕಿವಿಯಲ್ಲಿ. ಅವರು ಬೈದಿದ್ದರೆ ಇಷ್ಟು ಹೊತ್ತಿಗೆ ಮರೆತುಬಿಡುತ್ತಿದ್ದೆ. ಬೈಯಲಿಲ್ಲ, ಆಡಿಕೊಳ್ಳಲೂ ಇಲ್ಲ. ಕೈಯಲ್ಲಿ ಚೀಲ ಹಿಡಿದು ಅರ್ಧ ಗಂಟೆಯಿಂದ ನಿಂತವರು ವಿಚಾರಿಸುವ ಹಾಗೆ ವಿಚಾರಿಸಿದರು.

ಅವರು ಬಂದದ್ದೇ ಬೇರೆ ವಿಷಯಕ್ಕೆ. ಮೋಟಾರ್ ಆಫ್ ಮಾಡಲು ನಾನು ಮರೆತಿದ್ದೆ, ಟ್ಯಾಂಕ್ ತುಂಬಿ ನೀರು ಸುರಿಯುತ್ತಿತ್ತು. ಕರೆಂಟ್ ಬಿಲ್ಲಿನಲ್ಲಿ ಒಂದು ರೂಪಾಯಿಯನ್ನೂ ಬಿಡದ ಮನುಷ್ಯ. ನಿಜ ಹೇಳಬೇಕೆಂದರೆ ಮೂರು ವರ್ಷದಿಂದ ಅವರನ್ನು ಕಂಡರೆ ನನಗೆ ಅಷ್ಟಕ್ಕಷ್ಟೇ. ಮೋಟಾರ್ ಬಗ್ಗೆ ಹೇಳುವುದೆಲ್ಲ ಹೇಳಿ ಮುಗಿಸಿ ತಿರುಗುವಾಗ ಮೇಜಿನ ಮೇಲಿದ್ದ ಹಾಳೆಗಳು ಕಣ್ಣಿಗೆ ಬಿದ್ದವು. ಕನ್ನಡಕ ಹಾಕಿಕೊಂಡು ಕೂತೇಬಿಟ್ಟರು.

ನಾನು ಬರೆಯುತ್ತಿರುವುದು ಒಂದು ಕಾಮಿಕ್ಸ್. ಮೈಸೂರಿನ ಸಬರ್ಬನ್ ಸ್ಟ್ಯಾಂಡಿನಿಂದ ಎಚ್.ಡಿ. ಕೋಟೆಗೆ ಹೋಗುವ ಒಂದು ಕೆಂಪು ಬಸ್ಸು, ಅದರೊಳಗಿನ ಜನ. ಒಂಬತ್ತು ತಿಂಗಳಲ್ಲಿ 11 ಪುಟ ಆಗಿದೆ. ಈ ಹನ್ನೊಂದರಲ್ಲಿ ಒಬ್ಬ ಕಿಟಕಿಯಿಂದ ಕರ್ಚೀಫ್ ಎಸೆದು ಸೀಟು ಹಿಡಿದಿದ್ದಾನೆ. ಒಬ್ಬಜ್ಜಿ ಕೋಳಿಯನ್ನು ಚೀಲದೊಳಗೆ ಬಚ್ಚಿಟ್ಟುಕೊಂಡು ಹತ್ತಿದ್ದಾಳೆ. ಕಡಲೆಕಾಯಿ ಮಾರುವವನು ಹತ್ತಿ ಇಳಿದು ಮತ್ತೆ ಹತ್ತಿದ್ದಾನೆ. ಮೈಸೂರಿಂದ ಕೋಟೆಗೆ ಸುಮಾರು 50 ಕಿಲೋಮೀಟರ್. ನನ್ನ ಬಸ್ಸು ಒಂದಡಿಯೂ ಕದಲಿಲ್ಲ.

ಹತ್ತರಿಂದ ಆರರವರೆಗೆ ಮಕ್ಕಳ ಪುಸ್ತಕಗಳಿಗೆ ಎಲೆ, ಹೂವು, ಸಣ್ಣ ಕರುಳು, ದೊಡ್ಡ ಕರುಳು ಬರೆಯುವುದು ನನ್ನ ಹೊಟ್ಟೆಪಾಡು. ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ವಾಕಿಂಗ್. ಅಲ್ಲಿ ಹೆಜ್ಜಾರ್ಲೆ ಹಕ್ಕಿಗಳನ್ನು, ಅದೇ ಪೆಲಿಕನ್‌ಗಳನ್ನು, ನೋಡುತ್ತಾ ನಿಂತರೆ ವಾಕಿಂಗ್ ಅಲ್ಲಿಗೆ ಮುಗಿಯಿತು. ಅಷ್ಟು ದಪ್ಪ ದೇಹ, ನೀರಿಗೆ ಇಳಿಯುವಾಗ ಮಾತ್ರ ಎಷ್ಟು ನಾಜೂಕು! ಸಂಜೆ ಟೆರೇಸಿನ ಬಸಳೆ ಬಳ್ಳಿ. ಭಾನುವಾರ ಹಳೇ ಇಂಕ್ ಪೆನ್ನುಗಳನ್ನೆಲ್ಲ ಬಿಚ್ಚಿ, ಬೆಚ್ಚಗಿನ ನೀರಲ್ಲಿ ನೆನೆಸಿ, ಒರೆಸಿ ಇಡುವ ಸೇವೆ. ಆ ಪೆನ್ನುಗಳಲ್ಲಿ ನಾನು ಏನೂ ಬರೆಯುವುದಿಲ್ಲ. ಸುಮ್ನೆ ತೊಳೆಯುತ್ತೇನೆ. ಯಾರಾದರೂ ಕೇಳಿದರೆ ಇದೆಲ್ಲ ಕಾಮಿಕ್ಸಿಗೆ ತಯಾರಿ ಅನ್ನುತ್ತೇನೆ.

"ಲಕ್ಷ್ಮಣ್ ನಮ್ಮೂರಿನವರೇ. ದಿನಕ್ಕೊಂದು ಬರೀತಿದ್ರು. ನೀನು?" ಅಂತ ನಮ್ಮ ಚಿಕ್ಕಮ್ಮ ಪ್ರತಿ ಹಬ್ಬಕ್ಕೂ ತಪ್ಪದೆ ಕೇಳುತ್ತಾಳೆ. ಒಬ್ಬಟ್ಟು ಚೆನ್ನಾಗಿ ಮಾಡುತ್ತಾಳೆ ಅನ್ನುವ ಒಂದೇ ಕಾರಣಕ್ಕೆ ಸಹಿಸಿಕೊಂಡಿದ್ದೇನೆ. ಆದರೆ ಅವಳು ಹೇಳುವುದು ಸುಳ್ಳಲ್ಲವಲ್ಲ. ಆರ್.ಕೆ. ಲಕ್ಷ್ಮಣ್ ಹುಟ್ಟಿದ್ದು ಇಲ್ಲೇ, 1921ರಲ್ಲಿ. ದಶಕಗಟ್ಟಲೆ ದಿನಪತ್ರಿಕೆಗೆ ಪಾಕೆಟ್ ಕಾರ್ಟೂನ್ ಬರೆದರು. ಕಾಗೆಗಳನ್ನು ನೋಡುತ್ತಾ ಕೂರುವುದು ಅವರಿಗೂ ಇಷ್ಟವಿತ್ತು. ಆದರೆ ಅವರ ಕಾಗೆಗಳು ಕಾಗದಕ್ಕೆ ಇಳಿದವು. ನನ್ನ ಹೆಜ್ಜಾರ್ಲೆಗಳು ಇನ್ನೂ ಕೆರೆಯಲ್ಲೇ ಇವೆ.

ಚಿಕ್ಕಮ್ಮನಿಗೆ ಹೇಳಲು ನನ್ನ ಹತ್ತಿರ ಒಂದು ಕಾರಣವಂತೂ ಇದೆ: ಕನ್ನಡದ ಒತ್ತಕ್ಷರ. ಇಂಗ್ಲಿಷ್ ಅಕ್ಷರಗಳು ಪಿಟಿ ಪೀರಿಯಡ್ಡಿನ ಮಕ್ಕಳ ಹಾಗೆ ಸಾಲಾಗಿ ನಿಲ್ಲುತ್ತವೆ. ನಮ್ಮವು ಕೆಳಗಿನ ಮನೆಯನ್ನು ಬಾಡಿಗೆಗೆ ಕೊಟ್ಟಿರುತ್ತವೆ. ಮಾತಿನ ಗುಳ್ಳೆಯಲ್ಲಿ ಮೂರು ಸಾಲು ಬರೆದರೆ, ಮೇಲಿನ ಸಾಲಿನ ಒತ್ತು ಬಂದು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. ಅಂತರ ಬಿಟ್ಟರೆ ಗುಳ್ಳೆ ಊದಿಕೊಂಡು ಪಾತ್ರದ ತಲೆಯನ್ನೇ ನುಂಗುತ್ತದೆ. ಅಜ್ಜಿ "ಕೂತ್ಕೊಂಡ್ಬಿಟ್ಟಿದ್ದಾರೆ" ಅನ್ನುತ್ತಾಳೆ, ಅದು ಒಂದೇ ಪದ! ಎಲ್ಲಿ ತುಂಡು ಮಾಡಲಿ? ಆ ಒಂದು ಗುಳ್ಳೆಗೆ ಎರಡು ಸಂಜೆ ಹೋದವು. ಕೊನೆಗೆ ಅಜ್ಜಿಯ ಕೈಲಿ "ಕೂತವ್ರೆ" ಅನ್ನಿಸಿದೆ. ಅವಳ ಬಾಯಿಗೆ ಅದೇ ಒಪ್ಪಿತು ಅನ್ನುವುದು ಬೇರೆ ಮಾತು.

ಅಂಕಲ್ ಇದನ್ನೆಲ್ಲ ಕೇಳಲಿಲ್ಲ. ಒಂದೊಂದೇ ಹಾಳೆಯನ್ನು ಅಂಚು ಹಿಡಿದು ತಿರುವಿದರು. ಕೊನೆಯದಕ್ಕೆ ಬಂದು ಆ ಪ್ರಶ್ನೆ ಕೇಳಿದರು. ಇಲ್ಲ ಅಂಕಲ್, ಇನ್ನೂ ಇಲ್ಲ ಅಂದೆ. ಮತ್ತೆ ಏಳನೇ ಪುಟಕ್ಕೆ ಹೋಗಿ ಕಂಡಕ್ಟರ್ ಮೇಲೆ ಬೆರಳಿಟ್ಟರು.

"ಹೊರಡೋದಾದ್ರೂ ಹೆಂಗೆ? ಇವನ ಹತ್ರ ಸೀಟಿನೇ ಇಲ್ವಲ್ಲ."

ಅವರು ಕೆಎಸ್‌ಆರ್‌ಟಿಸಿಯಲ್ಲಿ ಕಂಡಕ್ಟರ್ ಆಗಿದ್ದವರು ಅಂತ ನನಗೆ ಗೊತ್ತಿತ್ತು. ಮೂರು ವರ್ಷದಿಂದ ಗೊತ್ತಿತ್ತು. ಬಸ್ಸಿನ ಕಥೆ ಬರೆಯಲು ಮೂರು ಭಾನುವಾರ ಸ್ಟ್ಯಾಂಡಿನಲ್ಲಿ ಕೂತು ಸ್ಕೆಚ್ ಮಾಡಿಕೊಂಡು ಬಂದವಳಿಗೆ, ಹದಿನೆಂಟು ಮೆಟ್ಟಿಲು ಇಳಿದು ಒಂದು ಮಾತು ಕೇಳಬೇಕು ಅಂತ ಹೊಳೆದೇ ಇರಲಿಲ್ಲ. ಬಿಲ್ಲಿನ ಸಿಟ್ಟು ನೋಡಿ!

ಆಮೇಲೆ ಅವರ ಕೈ ಮಾತಾಡಲು ಶುರುಮಾಡಿತು. ಮಿಷಿನ್ನು ಬರುವ ಮೊದಲು ಟಿಕೆಟ್ ಕಟ್ಟು ಇರುತ್ತಿತ್ತಲ್ಲ, ಅದು ಎಡಗೈಯಲ್ಲಿ ಇರುವ ಹಾಗೆ ಹಿಡಿದರು. ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ ಗಾಳಿಯಲ್ಲೇ ಒಂದು ಟಿಕೆಟ್ ಸರಕ್ಕನೆ ಹರಿದರು. ಕಿವಿಯ ಹಿಂದಿನಿಂದ ಇಲ್ಲದ ಪೆನ್ನು ತೆಗೆದು ಅದರ ಬೆನ್ನಿಗೆ ಬಾಕಿ ಚಿಲ್ಲರೆ ಬರೆದು ನನಗೆ ಕೊಟ್ಟರು. ನಾನು ತೆಗೆದುಕೊಂಡೆ. "ಇಳಿಯುವಾಗ ಕೇಳಿ ಇಸ್ಕೋಬೇಕು. ಮರೆತು ಇಳಿದುಹೋಗೋರು. ಆ ಎಂಟಾಣೆ, ಒಂದ್ರೂಪಾಯಿ ರಾತ್ರಿ ನಿದ್ದೆ ಕೊಡ್ತಿರಲಿಲ್ಲ" ಅಂದರು. ಬಿಲ್ಲಿನ ಒಂದು ರೂಪಾಯಿ ನೆನಪಾಗಿ ನಾನು ಬೇರೆ ಕಡೆ ನೋಡಿದೆ.

ಅವರು ಹೋದ ಮೇಲೆ ಸೀಟಿಯ ವಿಷಯ ನೆನೆಸಿಕೊಂಡು ಒಬ್ಬಳೇ ನಕ್ಕೆ. ನಗು ಮುಗಿದ ಮೇಲೆ ಕಸಿವಿಸಿ. ಯಾಕೆಂದರೆ ಕಂಡಕ್ಟರನಿಗೆ ಸೀಟಿ ಬರೆಯುವುದನ್ನು ನಾನು ಮರೆತದ್ದಾ, ಅಥವಾ ಬೇಕಂತಲೇ ಬಿಟ್ಟದ್ದಾ? ಸ್ಟ್ಯಾಂಡ್ ನನಗೆ ಚೆನ್ನಾಗಿ ಗೊತ್ತು. ಅಲ್ಲಿನ ಫಿನಾಯಿಲ್ ವಾಸನೆ, ಪ್ಲಾಟ್‌ಫಾರಂ ಮೇಲೆ ಮಲಗಿದ ನಾಯಿ, ಎಲ್ಲ ಕೈಗೆ ಬಂದಿದೆ. ಬಸ್ಸು ಹೊರಟರೆ ಹನ್ನೆರಡನೇ ಪುಟ ಬರುತ್ತದೆ. ಅಲ್ಲಿ ರಸ್ತೆ ಬರೆಯಬೇಕು. ಅಜ್ಜಿ ಕೋಳಿ ತಗೊಂಡು ಎಲ್ಲಿಗೆ ಹೋಗುತ್ತಿದ್ದಾಳೆ, ಕರ್ಚೀಫಿನವನಿಗೆ ಏನು ಅಷ್ಟು ಅರ್ಜೆಂಟು, ನನಗೇ ಗೊತ್ತಿಲ್ಲ. ಪೆನ್ಸಿಲ್ಲಿನಲ್ಲಿ ಇರುವ ತನಕ ಅವರು ಎಲ್ಲಿಗೆ ಬೇಕಾದರೂ ಹೋಗಬಹುದು. ಇಂಕ್ ಹಾಕಿದೆ ಅಂದರೆ ಅದೊಂದೇ ಊರು. ಅದಕ್ಕೇ ಬಸಳೆಗೆ ನೀರು ಜಾಸ್ತಿ ಆಗುತ್ತಿದೆ, ಟ್ಯಾಂಕ್ ತುಂಬಿ ಹರಿಯುತ್ತಿದೆ. ಹೆಜ್ಜಾರ್ಲೆ ನೋಡುವುದೆಲ್ಲ ನೆಪ ಅಂತ ಹೇಳುತ್ತಿಲ್ಲ. ಅದು ಖುಷಿಯೇ. ಆದರೆ ಬರೆಯದ ಪೆನ್ನುಗಳನ್ನು ತೊಳೆಯುವುದು? ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ನಿನ್ನೆ ರಾತ್ರಿ ಸೀಟಿ ಬರೆದೆ. ಕಂಡಕ್ಟರ್ ಬರುವುದು ನಾಲ್ಕು ಚೌಕಗಳಲ್ಲಿ. ಮೂರರಲ್ಲಿ ಸೀಟಿ ದಾರಕ್ಕೆ ನೇತುಬಿದ್ದು ಸರಿಯಾಗಿ ಕೂತಿತು. ನಾಲ್ಕನೆಯದರಲ್ಲಿ ಬಾಯಲ್ಲಿಡಲು ಹೋಗಿ, ವೈಟ್ನರ್ ಗಂಟುಕಟ್ಟಿ, ಅದರ ಮೇಲೆ ನಿಬ್ಬು ಜಾರಿ ಸೀಟಿ ಬದನೆಕಾಯಿ ಗಾತ್ರ ಆಗಿದೆ. ಹಾಗೇ ಬಿಟ್ಟಿದ್ದೇನೆ. ನಾಳೆ ಅಂಕಲ್‌ಗೆ ತೋರಿಸಬೇಕು, ಹೇಗೂ ಬಸಳೆ ಸೊಪ್ಪು ಕೊಡುವುದಕ್ಕೆ ಕೆಳಗೆ ಹೋಗುವುದಿದೆ. ಹನ್ನೆರಡನೇ ಹಾಳೆಗೆ ಪಿನ್ ಚುಚ್ಚಿ ಇಟ್ಟಿದ್ದೇನೆ. ಸದ್ಯಕ್ಕೆ ಅದರಲ್ಲಿ ಇರುವುದು ಒಂದು ಸಿಗ್ನಲ್ ಕಂಬ ಮಾತ್ರ.