ದಾವಣಗೆರೆಯಿಂದ ಲಂಕಾವಿಗೆ: ಹಾಯಿದೋಣಿಯಲ್ಲಿ ವಾಸಿಸಲು ಹೊರಡುವವರಿಗೆ

ಕಳೆದ ಜನವರಿಯಲ್ಲಿ ನಾನೂ ನಮ್ಮ ಮನೆಯವರೂ ಮಲೇಷ್ಯಾದ ಲಂಕಾವಿ ದ್ವೀಪಗಳ ನಡುವೆ 32 ಅಡಿ ಉದ್ದದ ಹಾಯಿದೋಣಿಯೊಂದರಲ್ಲಿ 11 ದಿನ ಉಂಡು, ಮಲಗಿ, ಅದನ್ನು ನಡೆಸುವುದನ್ನು ಕಲಿತು ಬಂದೆವು. ಮೊದಲ 5 ದಿನ ಅಲ್ಲಿನ ಹಾಯಿದೋಣಿ ಶಾಲೆಯೊಂದರ ತರಬೇತಿ ಇತ್ತು; ಉಳಿದ 6 ದಿನ ಅದೇ ಶಾಲೆಯ ಗುರುವೊಬ್ಬರು ದೋಣಿಯಲ್ಲಿ ಇದ್ದರಾದರೂ ತೀರ್ಮಾನಗಳೆಲ್ಲ ನಮ್ಮವೇ ಆಗಿದ್ದವು. ಬಂದ ಮೇಲೆ ಪರಿಚಯದವರಲ್ಲಿ ನಾಲ್ಕೈದು ಮಂದಿ ತಾವೂ ಹೋಗಬೇಕೆಂದು ವಿಚಾರಿಸಿದ್ದರಿಂದ ಈ ಬರಹ. ಎಲ್ಲರ ಪ್ರಶ್ನೆಯೂ ಹಾಯಿಯ ಬಗ್ಗೆ ಇರುತ್ತದೆ. ದೋಣಿಯಲ್ಲಿ ಬಾಳುವವರಿಗೆ ಹಾಯಿಗಿಂತ ಮೊದಲು ಬೇಕಾದದ್ದು ದೋಣಿಯನ್ನು ಸರಿಯಾಗಿ ನಿಲ್ಲಿಸುವ ವಿದ್ಯೆ ಎಂಬುದು ನನ್ನ ಅಭಿಪ್ರಾಯ. ದಿನದಲ್ಲಿ ನಾಲ್ಕೈದು ತಾಸು ಸಾಗಿದರೆ, ಉಳಿದ ಹತ್ತೊಂಬತ್ತು ತಾಸು ಲಂಗರಿನ ನಂಬಿಕೆಯ ಮೇಲೆಯೇ ಇರುತ್ತೇವೆ.

ನಮ್ಮ ಕರಾವಳಿ ಬಿಟ್ಟು ಅಷ್ಟು ದೂರ ಏಕೆ ಎಂದು ಕೇಳಿದವರಿದ್ದಾರೆ. ನಮ್ಮಲ್ಲಿ ಮುಂಗಾರಿನ ನಾಲ್ಕು ತಿಂಗಳು ಸಣ್ಣ ದೋಣಿಗೆ ಕಡಲು ತೆರೆದಿರುವುದಿಲ್ಲ, ಉಳಿದ ಕಾಲದಲ್ಲಿಯೂ ದಡ ಬಹುಮಟ್ಟಿಗೆ ನೇರವಾಗಿ ಚಾಚಿರುವುದರಿಂದ ಒಂದು ಆಸರೆಯಿಂದ ಇನ್ನೊಂದಕ್ಕೆ ದೂರ ಹೆಚ್ಚು. ಲಂಕಾವಿಯಲ್ಲಿ 99 ದ್ವೀಪಗಳಿವೆ ಎನ್ನುತ್ತಾರೆ. ಸುಣ್ಣಕಲ್ಲಿನ ಗುಡ್ಡಗಳ ಮರೆಯಲ್ಲಿ ನೀರು ಶಾಂತವಾಗಿರುತ್ತದೆ, ಒಂದು ತಂಗುದಾಣದಿಂದ ಮತ್ತೊಂದಕ್ಕೆ ಅರ್ಧ ದಿನದೊಳಗೆ ತಲುಪಬಹುದು. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಈಶಾನ್ಯದ ಗಾಳಿ ಹದವಾಗಿ ಬೀಸುತ್ತದೆ, ಮಳೆ ಕಡಿಮೆ. ಏಪ್ರಿಲ್ ನಂತರ ಮಲಕ್ಕಾ ಜಲಸಂಧಿಯ ಕಡೆಯಿಂದ ‘ಸುಮಾತ್ರಾ’ ಎಂದು ಕರೆಯುವ ಬಿರುಗಾಳಿ ಮಳೆ ಬೆಳಗಿನ ಜಾವದಲ್ಲಿ ಎರಗುವುದುಂಟು. ಹೊಸಬರು ಆ ತಿಂಗಳುಗಳನ್ನು ಬಿಡುವುದೇ ಒಳ್ಳೆಯದು.

ಕಡಲಿಲ್ಲದ ಊರಿನಲ್ಲಿ ಇದ್ದುಕೊಂಡೇ ಅರ್ಧ ಸಿದ್ಧತೆ ಮಾಡಬಹುದು ಎಂಬುದು ನಮಗೆ ಹೊರಡುವ ಮುನ್ನ ಗೊತ್ತಿರಲಿಲ್ಲ, ಮಾಡುತ್ತಾ ಗೊತ್ತಾಯಿತು. ಮೂರು ತಿಂಗಳು ಮೊದಲೇ ಬೆರಳು ಗಾತ್ರದ ನೈಲಾನ್ ಹಗ್ಗ ತಂದು, ತಾರಸಿಯ ಕಂಬಿಗೆ ಬೋಲೈನ್ ಗಂಟು ಹಾಕುವುದನ್ನು ಪ್ರತಿದಿನ ಅಭ್ಯಾಸ ಮಾಡಿದೆವು. ಈ ಗಂಟು ಎಷ್ಟು ಜಗ್ಗಿದರೂ ಬಿಗಿದುಕೊಳ್ಳುವುದಿಲ್ಲ, ಎಳೆತ ಸಡಿಲಿಸಿದ ಮೇಲೆ ಸಲೀಸಾಗಿ ಬಿಚ್ಚಬಹುದು. ಕಣ್ಣು ಮುಚ್ಚಿ, ಬೆನ್ನ ಹಿಂದೆ ಕೈ ಇಟ್ಟು ಹಾಕಲು ಬರುವವರೆಗೆ ಅಭ್ಯಾಸ ಸಾಕಾಗಿಲ್ಲವೆಂದೇ ತಿಳಿಯಿರಿ. ಈಜು ಬಾರದ ನಾನು ಈಜುಕೊಳದಲ್ಲಿ ಕಲಿತದ್ದು ಅದೇ ಅವಧಿಯಲ್ಲಿ. ಜೀವರಕ್ಷಕ ಅಂಗಿ ಇದ್ದೇ ಇರುತ್ತದೆ, ಆದರೆ ನೀರಿಗೆ ಬಿದ್ದ ಮೊದಲ ಕ್ಷಣದಲ್ಲಿ ಗಾಬರಿಯಾಗದೆ ಉಸಿರು ಹಿಡಿಯುವುದು ಅಂಗಿ ಕಲಿಸುವ ವಿದ್ಯೆಯಲ್ಲ.

ಗಾಳಿಯನ್ನು ಓದುವುದನ್ನು ನಾನು ಚಿತ್ರದುರ್ಗದ ದಾರಿಯಲ್ಲಿ ಕಲಿತೆ ಎಂದರೆ ಅತಿಶಯೋಕ್ತಿಯಲ್ಲ. ಜೋಗಿಮಟ್ಟಿಯ ಸುತ್ತಲಿನ ಬೆಟ್ಟಗಳ ಗಾಳಿಯಂತ್ರಗಳು ಗಾಳಿ ಬರುವ ದಿಕ್ಕಿಗೇ ಮುಖಮಾಡಿ ನಿಲ್ಲುತ್ತವೆ. ಬಸ್ಸಿನಲ್ಲಿ ಹೋಗುವಾಗ ಅವುಗಳ ಮುಖ ನೋಡಿ, ನಾವು ಸಾಗುತ್ತಿರುವ ದಿಕ್ಕಿಗೂ ಗಾಳಿಗೂ ಎಷ್ಟು ಕೋನವಿದೆ ಎಂದು ಅಂದಾಜು ಮಾಡುತ್ತಿದ್ದೆ. ಹಾಯಿದೋಣಿ ಗಾಳಿ ಬರುವ ದಿಕ್ಕಿನ ಎರಡೂ ಬದಿಗೆ ಸುಮಾರು 45 ಡಿಗ್ರಿಯೊಳಗೆ ಸಾಗಲಾರದು. ಅತ್ತ ಹೋಗಲೇಬೇಕಾದರೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಓರೆಯಾಗಿ ಹಾಯುತ್ತಾ ಮೇಲೇರಬೇಕು. ಈ ಒಂದು ಸಂಗತಿ ಊರಿನಲ್ಲಿಯೇ ಮನಸ್ಸಿಗೆ ಇಳಿದಿದ್ದರೆ ತರಬೇತಿಯ ಮೊದಲ ದಿನದ ಗೊಂದಲ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಸೂಳೆಕೆರೆಯ ಏರಿಯ ಮೇಲೆ ಎರಡು ಸಂಜೆ ಕುಳಿತು, ಗಾಳಿಯ ರಭಸ ಹೆಚ್ಚಿದ ಕಡೆ ನೀರಿನ ಮೇಲ್ಮೈ ಹೇಗೆ ಕಪ್ಪಾಗಿ ಸುಕ್ಕುಗಟ್ಟುತ್ತಾ ಮುಂದೆ ಸರಿಯುತ್ತದೆ ಎಂದು ಗಮನಿಸಿದ್ದೂ ಸಮುದ್ರದಲ್ಲಿ ನೇರವಾಗಿ ಉಪಯೋಗಕ್ಕೆ ಬಂತು.

ಮನೆಯಲ್ಲಿ ಮಾಡಿದ ಇನ್ನೊಂದು ಅಭ್ಯಾಸ ನೀರಿನದು. ನಮ್ಮ ದೋಣಿಯ ಟ್ಯಾಂಕಿನಲ್ಲಿ 250 ಲೀಟರ್ ಹಿಡಿಯುತ್ತಿತ್ತು. ತಲೆಗೆ ದಿನಕ್ಕೆ 10 ಲೀಟರ್ ಎಂದು ಲೆಕ್ಕವಿಟ್ಟರೆ ಮೂವರಿಗೆ ಎಂಟು ದಿನ ಬರುತ್ತದೆ. ನಲ್ಲಿಯನ್ನು ಮನೆಯಲ್ಲಿ ತಿರುಗಿಸುವಂತೆ ತಿರುಗಿಸಿದರೆ ಎರಡು ದಿನವೂ ಬಾರದು. ನಲ್ಲಿಗೆ ನೀರು ಬರುವ ದಿನಕ್ಕಾಗಿ ಕಾದು ಸಂಪು ತುಂಬಿಸಿಕೊಳ್ಳುವ ನಮ್ಮ ಊರಿನವರಿಗೆ ಇದು ಹೊಸ ಕಷ್ಟವೇನಲ್ಲ, ಆದರೂ ಒಂದು ವಾರ ಎರಡು ಕೊಡಗಳನ್ನು ಅಳತೆ ಮಾಡಿಟ್ಟು ಬದುಕಿ ನೋಡಿ. ಪಾತ್ರೆಗಳನ್ನು ಸಮುದ್ರದ ನೀರಿನಲ್ಲಿ ತೊಳೆದು ಕೊನೆಗೆ ಒಂದು ಲೋಟ ಸಿಹಿನೀರಿನಲ್ಲಿ ಜಾಲಿಸುವುದು, ಸ್ನಾನವನ್ನು ದೋಣಿಯ ಹಿಂಬದಿಯ ಏಣಿಯ ಬಳಿ ಎರಡು ಚೊಂಬಿನಲ್ಲಿ ಮುಗಿಸುವುದು ಮೂರನೆಯ ದಿನಕ್ಕೆ ಸಹಜವಾಯಿತು.

ಪ್ರಯಾಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ರೈಲಿನಲ್ಲಿ ಬೆಂಗಳೂರು, ಅಲ್ಲಿಂದ ವಿಮಾನದಲ್ಲಿ ಕ್ವಾಲಾಲಂಪುರ, ಮತ್ತೊಂದು ವಿಮಾನದಲ್ಲಿ ಸುಮಾರು ಒಂದು ತಾಸಿನಲ್ಲಿ ಲಂಕಾವಿ. ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ತಾಸು ಮುಂದಿದೆ. ಗಟ್ಟಿ ಸೂಟ್‌ಕೇಸ್ ಒಯ್ಯಬೇಡಿ, ದೋಣಿಯಲ್ಲಿ ಅದನ್ನು ಇಡಲು ಜಾಗವೇ ಇರುವುದಿಲ್ಲ. ಮಡಚಿಡಬಹುದಾದ ಬಟ್ಟೆಯ ಚೀಲ ಸಾಕು. ದೋಣಿ ಬಾಡಿಗೆಯ ಜೊತೆಗೆ ಹಿಂದಿರುಗಿಸುವ ಠೇವಣಿಯೊಂದನ್ನು ಕೇಳುತ್ತಾರಾದ್ದರಿಂದ, ಒಪ್ಪಿಸಿಕೊಳ್ಳುವ ಮುನ್ನ ದೋಣಿಯ ಪ್ರತಿಯೊಂದು ಗೀರನ್ನೂ ಮೊಬೈಲಿನಲ್ಲಿ ಚಿತ್ರ ತೆಗೆದಿಡಿ. ಹೆಣ್ಣುಮಕ್ಕಳಿಗೆ ಒಂದು ಮುಖ್ಯ ಮಾತು: ಹಗ್ಗ ಸುತ್ತುವ ವಿಂಚ್ ಹತ್ತಿರ ದುಪಟ್ಟಾ, ಬಿಟ್ಟ ಜಡೆ, ಬಳೆ, ಉಂಗುರ ಯಾವುದೂ ಇರಬಾರದು. ಜಗ್ಗುವ ಹಗ್ಗದ ನಡುವೆ ಉಂಗುರ ಸಿಕ್ಕಿಕೊಂಡರೆ ಬೆರಳಿಗೇ ಅಪಾಯ. ತಾಳಿಸರವನ್ನು ನಾನು ಅಂಗಿಯೊಳಗೆ ಪಿನ್ನು ಹಾಕಿ ಭದ್ರಪಡಿಸಿಕೊಂಡಿದ್ದೆ.

ದೋಣಿಯೊಳಗಿನ ಮನೆವಾರ್ತೆಯಲ್ಲಿ ಮೂರು ವಿಷಯಗಳಿಗೆ ಗುರುಗಳು ಮೊದಲ ದಿನವನ್ನೇ ಮೀಸಲಿಟ್ಟರು. ಅಡುಗೆಯ ಗ್ಯಾಸ್ ಗಾಳಿಗಿಂತ ಭಾರ. ಮನೆಯಲ್ಲಿ ಸೋರಿದರೆ ಬಾಗಿಲಿನ ಕೆಳಗಿನಿಂದ ಹೊರಗೆ ಹೋದೀತು, ದೋಣಿಯಲ್ಲಾದರೆ ತಳದಲ್ಲಿ ಇಳಿದು ಕುಳಿತು ಒಂದು ಕಿಡಿಗಾಗಿ ಕಾಯುತ್ತದೆ. ಆದ್ದರಿಂದ ಒಲೆ ಆರಿಸುವುದೆಂದರೆ ಸಿಲಿಂಡರಿನ ವಾಲ್ವನ್ನೇ ಮುಚ್ಚುವುದು, ಪ್ರತಿ ಸಲವೂ. ಎರಡನೆಯದು ಬ್ಯಾಟರಿ. ನಮ್ಮಲ್ಲಿ 200 ಆಂಪಿಯರ್-ಅವರ್ ಸಾಮರ್ಥ್ಯದ ಸೀಸದ ಬ್ಯಾಟರಿ ಇತ್ತು; ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದರೆ ಆಯುಸ್ಸು ಕುಗ್ಗುತ್ತದೆಯಾದ್ದರಿಂದ ನಿಜವಾಗಿ ಕೈಗೆ ಸಿಗುವುದು 100 ಮಾತ್ರ. ಫ್ರಿಜ್ ಒಂದೇ ದಿನಕ್ಕೆ ಅದರಲ್ಲಿ 40ರಿಂದ 50 ತಿನ್ನುತ್ತಿತ್ತು, ಸೌರಫಲಕ ಅಷ್ಟನ್ನು ತುಂಬಿಕೊಡುತ್ತಿರಲಿಲ್ಲ. ಸಸ್ಯಾಹಾರಿಗಳಾದ ನಾವು ಮೂರನೆಯ ದಿನ ಫ್ರಿಜ್ಜನ್ನು ಆರಿಸಿಬಿಟ್ಟೆವು. ಮೂರನೆಯದು ಶೌಚಾಲಯ: ಕೈಪಂಪಿನಿಂದ ನಡೆಯುವ ಅದರ ಕೊಳವೆ ಸಣ್ಣದು, ಕಾಗದವನ್ನೂ ಹಾಕಬಾರದು, ಮತ್ತು ಸಮುದ್ರದ ಕಡೆಗಿನ ವಾಲ್ವನ್ನು ಬಳಸಿದ ಮೇಲೆ ಮುಚ್ಚಲೇಬೇಕು. ಆ ವಾಲ್ವ್ ಇರುವುದು ನೀರಿನ ಮಟ್ಟಕ್ಕಿಂತ ಕೆಳಗೆ ಎಂಬುದನ್ನು ನೆನಪಿಟ್ಟರೆ ಯಾರೂ ಮರೆಯುವುದಿಲ್ಲ.

ಊಟದ ವಿಷಯದಲ್ಲಿ ನಮ್ಮ ಕಡೆಯ ಬುತ್ತಿ ದೋಣಿಗೆಂದೇ ಮಾಡಿದಂತಿದೆ. ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಅಗಸಿ ಚಟ್ನಿಪುಡಿ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಕೊನೆಯವರೆಗೂ ಕೆಡಲಿಲ್ಲ. ಮಂಡಕ್ಕಿ ಮಾತ್ರ ಎರಡನೆಯ ದಿನಕ್ಕೇ ಉಪ್ಪುಗಾಳಿಗೆ ಮೆತ್ತಗಾಯಿತು. ಸಣ್ಣ ಕುಕ್ಕರ್ ಒಯ್ಯಿರಿ. ಗ್ಯಾಸೂ ನೀರೂ ಉಳಿಯುತ್ತವೆ, ದೋಣಿ ಓಲಾಡಿದರೂ ಬಿಗಿದ ಮುಚ್ಚಳದಿಂದ ಬಿಸಿ ಅನ್ನ ಮೈಮೇಲೆ ಚೆಲ್ಲುವುದಿಲ್ಲ. ಬೇಳೆ, ಕರಿಬೇವು, ತರಕಾರಿ ಕುವಾ ಪಟ್ಟಣದಲ್ಲಿ ಸಿಗುತ್ತವೆ. ಸಾಗುತ್ತಿರುವಾಗ ಅಡುಗೆಮನೆಗೆ ಇಳಿಯಬೇಡಿ. ಹೊಟ್ಟೆ ತೊಳಸುವುದು ಕೆಳಗಿದ್ದಾಗಲೇ ಹೆಚ್ಚು. ಮೇಲೆ ಕುಳಿತು ದಿಗಂತವನ್ನು ನೋಡುತ್ತಾ ಒಂದು ಚೂರು ಶುಂಠಿ ಅಗಿಯುತ್ತಿದ್ದರೆ ತಡೆಯಬಹುದು. ಮಾತ್ರೆ ಬೇಕಾದವರು ವೈದ್ಯರನ್ನು ಕೇಳಿಕೊಂಡು ಹೊರಡುವ ಮುನ್ನವೇ ತೆಗೆದುಕೊಳ್ಳಬೇಕು, ವಾಂತಿ ಶುರುವಾದ ಮೇಲೆ ನುಂಗಿದ್ದು ಒಳಗೆ ನಿಲ್ಲುವುದಿಲ್ಲ.

ಹಾಯಿ ನಡೆಸುವ ವಿದ್ಯೆಯನ್ನು ಬರಹದಿಂದ ಕಲಿಸಲಾಗದು, ಎರಡು ಎಚ್ಚರಿಕೆ ಮಾತ್ರ ಹೇಳುತ್ತೇನೆ. ಹಾಯಿಯನ್ನು ಕಿರಿದುಗೊಳಿಸಬೇಕೇ ಎಂಬ ಯೋಚನೆ ಮೊದಲ ಸಲ ಬಂದಾಗಲೇ ಕಿರಿದುಗೊಳಿಸಿಬಿಡಿ. ಗಾಳಿ 15 ನಾಟ್, ಅಂದರೆ ಗಂಟೆಗೆ ಸುಮಾರು 28 ಕಿಲೋಮೀಟರ್, ದಾಟಿದರೆ ನಮ್ಮ ಗುರುಗಳು ಪ್ರಶ್ನೆಯೇ ಇಲ್ಲದೆ ಮಾಡಿಸುತ್ತಿದ್ದರು. ತಡಮಾಡಿದರೆ ವಾಲಿದ ದೋಣಿಯಲ್ಲಿ ಅದೇ ಕೆಲಸ ನಾಲ್ಕು ಪಟ್ಟು ಕಷ್ಟ. ಎರಡನೆಯದಾಗಿ, ಗಾಳಿ ಹಿಂದಿನಿಂದ ಬರುತ್ತಿರುವಾಗ ಚುಕ್ಕಾಣಿ ಹಿಡಿದವರು ಸ್ವಲ್ಪ ಮೈಮರೆತರೂ ದೊಡ್ಡ ಹಾಯಿಯ ಕೆಳಗಿನ ಬೂಮ್ ಎಂಬ ಅಡ್ಡಗೋಲು ಒಂದು ಬದಿಯಿಂದ ಇನ್ನೊಂದು ಬದಿಗೆ ಬೀಸಿ ಬರುತ್ತದೆ, ಅದರ ದಾರಿಯಲ್ಲಿ ತಲೆ ಇರಬಾರದು. ಇಂಥ ದೋಣಿಯ ವೇಗವಾದ ಗಂಟೆಗೆ 5 ನಾಟಿಕಲ್ ಮೈಲಿ ಎಂದರೆ ನಮ್ಮ 9 ಕಿಲೋಮೀಟರಿಗಿಂತ ತುಸು ಹೆಚ್ಚು, ಸೈಕಲ್ಲಿಗಿಂತಲೂ ನಿಧಾನ. ದಿನಕ್ಕೆ 15 ಮೈಲಿಗಿಂತ ಹೆಚ್ಚಿನ ಯೋಜನೆ ಹಾಕಿಕೊಳ್ಳಬೇಡಿ, ಮತ್ತು ಕತ್ತಲಾಗುವ ಎರಡು ತಾಸು ಮೊದಲೇ ತಂಗುದಾಣ ಸೇರಿ. ಮೀನುಬಲೆಗಳೂ ದೀಪವಿಲ್ಲದ ಸಣ್ಣ ದೋಣಿಗಳೂ ರಾತ್ರಿ ಕಾಣುವುದಿಲ್ಲ.

ಇನ್ನು ಲಂಗರು. ನಾನು ಚುಕ್ಕಾಣಿ ಹಿಡಿಯುತ್ತಿದ್ದೆ, ನಮ್ಮ ಮನೆಯವರು ಮುಂತುದಿಯಲ್ಲಿ ನಿಂತು ಸರಪಳಿ ಬಿಡುತ್ತಿದ್ದರು. ಭಾರ ಎತ್ತುವ ಕೆಲಸ ಅಲ್ಲಿರುವುದರಿಂದ ಈ ಹಂಚಿಕೆಯೇ ಸರಿ. ಎಂಜಿನ್ನಿನ ಸದ್ದಿನಲ್ಲಿ ಮಾತು ಕೇಳಿಸದು, ಕೂಗಾಟದಿಂದ ಜಗಳವಷ್ಟೇ ಹುಟ್ಟುತ್ತದೆ. ಮುಂದೆ, ಹಿಂದೆ, ನಿಲ್ಲಿಸು, ಎಡ, ಬಲ ಎಂಬುದಕ್ಕೆ ಐದು ಕೈಸನ್ನೆಗಳನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ದೋಣಿಯ ಮುಖವನ್ನು ಗಾಳಿಗೆ ತಿರುಗಿಸಿ, ಪೂರ್ತಿ ನಿಂತ ಮೇಲೆ ಲಂಗರನ್ನು ತಳಕ್ಕೆ ಇಳಿಸಿ, ಗಾಳಿ ದೋಣಿಯನ್ನು ಹಿಂದಕ್ಕೆ ತಳ್ಳುತ್ತಾ ಹೋದಂತೆ ಸರಪಳಿಯನ್ನು ಉದ್ದಕ್ಕೆ ಹಾಸಬೇಕು, ರಾಶಿ ಹಾಕಬಾರದು. ಆಮೇಲೆ ಎಂಜಿನ್ನನ್ನು ಹಿಂದಕ್ಕೆ ನಿಧಾನವಾಗಿ ಹಾಕಿ ಜಗ್ಗಿಸಿದಾಗ ಸರಪಳಿಯ ಮೇಲೆ ಅಂಗೈ ಇಟ್ಟು ನೋಡಿ: ನಡುಗಿದರೆ ಲಂಗರು ತಳದ ಮೇಲೆ ಜಾರುತ್ತಿದೆ, ಬಿಗಿಯಾಗಿ ಸ್ಥಿರವಾಗಿದ್ದರೆ ಕಚ್ಚಿಕೊಂಡಿದೆ. ದಡದ ಮೇಲೆ ಒಂದರ ಹಿಂದೆ ಒಂದು ಬರುವ ಮರ, ಬಂಡೆಯಂಥ ಎರಡು ಗುರುತುಗಳನ್ನು ಹಿಡಿದುಕೊಂಡರೆ ದೋಣಿ ಸರಿದಾಗ ಅವು ಬೇರೆಯಾಗಿ ಕಾಣುತ್ತವೆ.

ಇಷ್ಟೆಲ್ಲ ಸರಿಯಾಗಿಯೇ ಮಾಡಿದ್ದೆವು. ಆದರೂ ಎಂಟನೆಯ ರಾತ್ರಿ, ಬನದ ಹುಣ್ಣಿಮೆಯ ಮರುದಿನ, ದಯಾಂಗ್ ಬುಂಟಿಂಗ್ ದ್ವೀಪದ ಬಳಿ ನಮ್ಮ ಲಂಗರು ಜಾರಿತು. ಸಂಜೆ ಆರರ ಹೊತ್ತಿಗೆ ಆಳಮಾಪಕ 4 ಮೀಟರ್ ತೋರಿಸಿತ್ತು. ಸರಪಳಿ ಆಳದ ಐದು ಪಟ್ಟು ಇರಬೇಕೆಂಬ ನಿಯಮದಂತೆ 20 ಮೀಟರ್ ಬಿಡಿಸಿದೆ. ನಡುರಾತ್ರಿ, ದೋಣಿ ಜಾಗ ಬಿಟ್ಟು ಸರಿದರೆ ಎಚ್ಚರಿಸಲೆಂದು ಮೊಬೈಲಿನಲ್ಲಿ ಹಾಕಿಟ್ಟ ಲಂಗರಿನ ಅಲಾರಂ ಬಡಿದುಕೊಂಡಿತು. ಮೇಲೆ ಬಂದು ನೋಡಿದರೆ ಹಾಲಿನಂಥ ಬೆಳದಿಂಗಳಲ್ಲಿ ನಾನು ಹಿಡಿದಿಟ್ಟಿದ್ದ ಮರವೂ ಬಂಡೆಯೂ ಮಾರುದೂರ ಬೇರೆಯಾಗಿ ನಿಂತಿದ್ದವು. ಎದೆ ಬಡಿದುಕೊಳ್ಳುತ್ತಿತ್ತು. ಎಂಜಿನ್ ಹಾಕಿ, ಲಂಗರು ಎತ್ತಿ, ಮತ್ತೆ ಹಾಕಿ ಮುಗಿಸುವಷ್ಟರಲ್ಲಿ ಒಂದು ತಾಸು ಹಿಡಿಯಿತು. ಸುತ್ತ ಬೇರೆ ದೋಣಿಗಳಿರಲಿಲ್ಲ, ದಡ ದೂರವಿತ್ತು, ಅದರಿಂದ ಅನಾಹುತವಾಗಲಿಲ್ಲ.

ತಪ್ಪು ಎಲ್ಲಿತ್ತೆಂದು ಬೆಳಿಗ್ಗೆ ಗುರುಗಳು ನನ್ನಿಂದಲೇ ಲೆಕ್ಕ ಬರೆಸಿದರು. ನಾವು ನಿಂತದ್ದು ಇಳಿತದ ಹೊತ್ತಿನಲ್ಲಿ. ಆರು ತಾಸಿನ ನಂತರದ ಉಬ್ಬರದಲ್ಲಿ ನೀರು 2.7 ಮೀಟರ್ ಏರಿತ್ತು. ಸರಪಳಿ ಇಳಿಯುವುದು ನೀರಿನ ಮಟ್ಟದಿಂದಲ್ಲ, ದೋಣಿಯ ಮೂತಿಯಿಂದ. ಅದರ ಎತ್ತರ 1.2 ಮೀಟರ್. ಮೂರನ್ನೂ ಕೂಡಿದರೆ 7.9 ಮೀಟರ್, ಅದರ ಐದು ಪಟ್ಟು ಸುಮಾರು 40. ನಾನು ಬಿಟ್ಟದ್ದು ಅದರ ಅರ್ಧ. ಸರಪಳಿ ಸಾಕಷ್ಟು ಉದ್ದವಿದ್ದಾಗ ಎಳೆತ ನೆಲಕ್ಕೆ ಸಮನಾಗಿದ್ದು ಲಂಗರು ಕೆಸರಿಗೆ ಇನ್ನಷ್ಟು ಇಳಿಯುತ್ತದೆ. ಗಿಡ್ಡವಾದಾಗ ಎಳೆತ ಮೇಲ್ಮುಖವಾಗಿ ಅದನ್ನು ಕಿತ್ತುಬಿಡುತ್ತದೆ. ಪೂರ್ತಿ ಸರಪಳಿಯ ಬದಲು ಹಗ್ಗ ಕಟ್ಟಿದ ಲಂಗರಾದರೆ ಏಳು ಪಟ್ಟು ಬೇಕು. ಆಳಮಾಪಕ ಅಳೆಯುವುದು ನೀರಿನ ಮಟ್ಟದಿಂದಲೋ ದೋಣಿಯ ತಳದಿಂದಲೋ ಎಂದು ಹತ್ತಿದ ದಿನವೇ ಕೇಳಿ ಬರೆದಿಡಿ, ಒಂದೊಂದು ದೋಣಿಯಲ್ಲಿ ಒಂದೊಂದು ರೀತಿ ಇರುತ್ತದೆ.

ಹುಣ್ಣಿಮೆ, ಅಮಾವಾಸ್ಯೆಗಳಾಗಿ ಒಂದೆರಡು ದಿನಕ್ಕೆ ಉಬ್ಬರ ಇಳಿತಗಳ ಅಂತರ ಅತಿ ಹೆಚ್ಚು, ಅಷ್ಟಮಿ ಕಳೆದ ಒಂದೆರಡು ದಿನಕ್ಕೆ ಅತಿ ಕಡಿಮೆ. ನಿಖರವಾದ ಹೊತ್ತು ಮತ್ತು ಎತ್ತರಕ್ಕೆ ಅಲ್ಲಿನ ಉಬ್ಬರದ ಪಟ್ಟಿಯನ್ನೇ ನೋಡಬೇಕು, ಆದರೆ ವಿಮಾನದ ಟಿಕೆಟ್ ಕಾಯ್ದಿರಿಸುವ ದಿನ ಗೋಡೆಯ ಪಂಚಾಂಗವೇ ಸಾಕು: ತರಬೇತಿ ಮುಗಿಸಿ ನೀವಾಗಿಯೇ ಲಂಗರು ಹಾಕುವ ಮೊದಲ ರಾತ್ರಿಗಳು ಅಷ್ಟಮಿಯ ನಂತರಕ್ಕೆ ಬರುವಂತೆ ಹೊಂದಿಸಿಕೊಳ್ಳಿ. ನಾವು ಹಾಗೆ ಮಾಡಿರಲಿಲ್ಲ.

ಲಂಕಾವಿಯಿಂದ ಹೊರಡುವ ಮುನ್ನ ಪಯಣದ ದಿನಚರಿ ಪುಸ್ತಕಕ್ಕೆ ಗುರುಗಳ ಸಹಿ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ. ಬ್ರಿಟನ್ನಿನ ಆರ್‌ವೈಎ (ರಾಯಲ್ ಯಾಟಿಂಗ್ ಅಸೋಸಿಯೇಷನ್) ಸಂಸ್ಥೆಯ ಪಠ್ಯಕ್ರಮದಲ್ಲಿ ಮುಂದಿನ ಮೆಟ್ಟಿಲಾದ, ಹಗಲಿನಲ್ಲಿ ದೋಣಿಯ ಹೊಣೆ ಹೊತ್ತು ನಡೆಸಲು ಕಲಿಸುವ ಡೇ ಸ್ಕಿಪ್ಪರ್ ತರಬೇತಿಗೆ ಸೇರುವವರು ಮೊದಲೇ 5 ದಿನ, 100 ಮೈಲಿ, 4 ತಾಸು ರಾತ್ರಿ ಪಯಣದ ಅನುಭವ ಪಡೆದಿರಬೇಕೆಂದು ನಿರೀಕ್ಷಿಸುತ್ತಾರೆ. ನಮ್ಮ ಪುಸ್ತಕದಲ್ಲಿ 118 ಮೈಲಿ ಇದೆ, ರಾತ್ರಿಯ ತಾಸುಗಳ ಜಾಗ ಖಾಲಿಯಾಗಿದೆ. ಗುರುಗಳು ಜೊತೆಗಿದ್ದಾಗಲೇ ಒಂದು ರಾತ್ರಿ ತೆರೆದ ನೀರಿನಲ್ಲಿ ಆ ನಾಲ್ಕು ತಾಸುಗಳನ್ನೂ ಮುಗಿಸಿಕೊಡುವಂತೆ ಮೊದಲೇ ಕೇಳಿಕೊಂಡರೆ, ಅದಕ್ಕಾಗಿಯೇ ಇನ್ನೊಮ್ಮೆ ಹೋಗಬೇಕಾದ ಖರ್ಚು ನಿಮಗೆ ಉಳಿಯುತ್ತದೆ.