ರೇಡಿಯೇಷನ್ ಆಂಕಾಲಜಿಯಲ್ಲಿ ವಿದ್ಯಾರ್ಥಿಯ ಸಾಧನೆಯನ್ನು ಅಳೆಯುವ ಬಗೆ

ವೈದ್ಯಕೀಯ ವಿದ್ಯಾರ್ಥಿಗಳಿಗೆ ಪ್ರಶಸ್ತಿ ಕೊಡುವಾಗ ಆಯ್ಕೆ ಸಮಿತಿಗಳು ಮೊದಲು ಕೈಗೆತ್ತಿಕೊಳ್ಳುವುದು ಪ್ರಕಟಿತ ಲೇಖನಗಳ ಪಟ್ಟಿಯನ್ನು. ಎಣಿಸುವುದಕ್ಕೆ ಅದರಷ್ಟು ಸುಲಭವಾದದ್ದು ಬೇರೊಂದಿಲ್ಲ. ಆದರೆ ವಿಕಿರಣದಿಂದ ಕ್ಯಾನ್ಸರಿಗೆ ಚಿಕಿತ್ಸೆ ನೀಡುವ ರೇಡಿಯೇಷನ್ ಆಂಕಾಲಜಿ ವಿಭಾಗದ ಮಟ್ಟಿಗೆ ಈ ಅಳತೆಗೋಲು ತೀರಾ ಮೋಟು ಎಂದು ನನಗೆ ಅನ್ನಿಸುತ್ತದೆ. ಕ್ಯಾನ್ಸರ್ ರೋಗಿಗಳಲ್ಲಿ ಸರಿಸುಮಾರು ಅರ್ಧದಷ್ಟು ಜನರಿಗೆ ಒಂದಲ್ಲ ಒಂದು ಹಂತದಲ್ಲಿ ವಿಕಿರಣ ಚಿಕಿತ್ಸೆ ಬೇಕಾಗುತ್ತದೆಯಾದರೂ, ಪದವಿ ಹಂತದ ಪಠ್ಯಕ್ರಮದಲ್ಲಿ ಈ ವಿಷಯಕ್ಕೆ ಸಿಗುವುದು ಸಾಮಾನ್ಯವಾಗಿ ಕೆಲವೇ ಉಪನ್ಯಾಸಗಳು. ಆಸಕ್ತಿ ಇರುವವರು ತಾವಾಗಿಯೇ ಹುಡುಕಿಕೊಂಡು ಬರಬೇಕು. ಹೀಗೆ ಬಂದವರಲ್ಲಿ ಯಾರಿಗೆ ಸಂಶೋಧನಾ ತಂಡವೊಂದರ ಪರಿಚಯವಿದೆಯೋ ಅವರ ಪಟ್ಟಿಯೇ ಉದ್ದವಾಗಿರುತ್ತದೆ.

ಹಾಗಾದರೆ ನೋಡಬೇಕಾದದ್ದು ಏನನ್ನು? ಕಾಂಟೂರಿಂಗ್ ಕೆಲಸವನ್ನೇ ತೆಗೆದುಕೊಳ್ಳೋಣ. ಗಂಟಲಿನ ಕ್ಯಾನ್ಸರ್ ಇರುವ ರೋಗಿಯ ಸಿ.ಟಿ. ಚಿತ್ರಗಳ ಮೇಲೆ, ಒಂದೊಂದು ಪದರದಲ್ಲೂ ಗಡ್ಡೆಯ ಅಂಚನ್ನೂ ಸುತ್ತಲಿನ ಅಂಗಗಳನ್ನೂ ಗೆರೆ ಎಳೆದು ಗುರುತಿಸಬೇಕು. ಕಿವಿಯ ಮುಂಭಾಗದಲ್ಲಿರುವ, ಜೊಲ್ಲು ಸುರಿಸುವ ಪೆರೋಟಿಡ್ ಗ್ರಂಥಿಗೆ ತಗಲುವ ಸರಾಸರಿ ವಿಕಿರಣವನ್ನು ಸುಮಾರು 25 ಗ್ರೇ (ವಿಕಿರಣದ ಪ್ರಮಾಣ ಅಳೆಯುವ ಮಾನ) ಒಳಗೆ ಇರಿಸಲು ಪ್ರಯತ್ನಿಸುವುದು ವಾಡಿಕೆ. ಅದು ಮೀರಿದಷ್ಟೂ ಜೊಲ್ಲು ಕಡಿಮೆಯಾಗಿ, ರೋಗಿ ವರ್ಷಗಟ್ಟಲೆ ಒಣಬಾಯಿಯಿಂದ ನರಳುವ ಸಾಧ್ಯತೆ ಹೆಚ್ಚುತ್ತದೆ. ಗೆರೆ ತಪ್ಪಿದರೆ ಈ ಲೆಕ್ಕವೂ ತಪ್ಪುತ್ತದೆ. ತಾನು ಎಳೆದ ಗೆರೆಯನ್ನು ಹಿರಿಯ ವೈದ್ಯರ ಗೆರೆಯ ಮೇಲಿಟ್ಟು, ಎಲ್ಲಿ ಬೇರೆಯಾಯಿತು, ಹಲ್ಲಿನ ಲೋಹದ ತುಂಬಿಕೆಯಿಂದ ಚಿತ್ರ ಕದಡಿದ ಪದರಗಳಲ್ಲಿ ಏನನ್ನು ಆಧಾರವಾಗಿ ಹಿಡಿಯಬೇಕಿತ್ತು ಎಂದು ಟಿಪ್ಪಣಿ ಮಾಡಿಕೊಳ್ಳುವ ವಿದ್ಯಾರ್ಥಿಯ ಶ್ರಮ ಯಾವ ನಿಯತಕಾಲಿಕೆಯಲ್ಲೂ ಅಚ್ಚಾಗುವುದಿಲ್ಲ. ನನ್ನ ಲೆಕ್ಕದಲ್ಲಿ ಅದು ಪ್ರಶಸ್ತಿಗೆ ಪೂರ್ಣ ಅರ್ಹವಾದ ಸಾಧನೆ.

ಪ್ರಶ್ನೆ ಕೇಳುವುದೂ ಅಷ್ಟೇ. ಸ್ತನ ಕ್ಯಾನ್ಸರಿನ ಶಸ್ತ್ರಕ್ರಿಯೆಯ ನಂತರ ಐದು ವಾರ ವಿಕಿರಣ ಕೊಡುವ ಪದ್ಧತಿ ದೀರ್ಘಕಾಲ ನಡೆದುಬಂದಿತ್ತು. ಇಷ್ಟು ದಿನ ಏಕೆ ಬೇಕು ಎಂಬ ಸರಳ ಪ್ರಶ್ನೆಯನ್ನು ಕೆಲವರು ಬೆನ್ನುಹತ್ತಿದ್ದರಿಂದ ಮೊದಲು ಮೂರು ವಾರಗಳ ಕ್ರಮ ಬಂತು. 2020ರಲ್ಲಿ ಪ್ರಕಟವಾದ ಬ್ರಿಟನ್ನಿನ ಫಾಸ್ಟ್-ಫಾರ್ವರ್ಡ್ ಅಧ್ಯಯನದಲ್ಲಿ, ಒಂದೇ ವಾರದಲ್ಲಿ 5 ಕಂತುಗಳಾಗಿ ಕೊಟ್ಟ 26 ಗ್ರೇ, ಮೂರು ವಾರಗಳಲ್ಲಿ 15 ಕಂತುಗಳಾಗಿ ಕೊಟ್ಟ 40 ಗ್ರೇಗಿಂತ ರೋಗ ನಿಯಂತ್ರಣದಲ್ಲಿ ಹಿಂದೆ ಬೀಳಲಿಲ್ಲ. ಇಂಥ ಪ್ರಶ್ನೆಯನ್ನು ವಿದ್ಯಾರ್ಥಿಯೊಬ್ಬ ಎತ್ತಿದಾಗ 'ಮೊದಲು ಪರೀಕ್ಷೆಗೆ ಓದು' ಎಂದು ಬಾಯಿ ಮುಚ್ಚಿಸುವ ಬದಲು ಅದನ್ನು ಬರೆದಿಟ್ಟುಕೊಂಡು ಮನ್ನಣೆ ಕೊಡುವ ವ್ಯವಸ್ಥೆ ಇರಬೇಕು.

ಬರೆದಿಡುವುದು ಏಕೆ ಮುಖ್ಯ ಎಂಬುದಕ್ಕೆ ಈ ವಿಭಾಗದ ಇತಿಹಾಸದ ಮೊದಲ ಪುಟದಲ್ಲೇ ಉದಾಹರಣೆಯಿದೆ. ರಾಂಟ್ಜೆನ್ 1895ರಲ್ಲಿ ಎಕ್ಸ್-ಕಿರಣಗಳನ್ನು ಕಂಡುಹಿಡಿದ ಕೆಲವೇ ವಾರಗಳಲ್ಲಿ, 1896ರ ಜನವರಿಯಲ್ಲಿ, ಷಿಕಾಗೋದ ವೈದ್ಯಕೀಯ ವಿದ್ಯಾರ್ಥಿ ಎಮಿಲ್ ಗ್ರುಬೆ ಸ್ತನ ಕ್ಯಾನ್ಸರ್ ರೋಗಿಯೊಬ್ಬರಿಗೆ ಆ ಕಿರಣಗಳಿಂದ ಚಿಕಿತ್ಸೆ ನೀಡಿದ್ದಾಗಿ ದಶಕಗಳ ನಂತರ ಹೇಳಿಕೊಂಡರು. ವಿಕಿರಣದ ಹಾನಿಯಿಂದ ಅವರು ಕೈಯನ್ನೇ ಕಳೆದುಕೊಂಡದ್ದು ನಿಜ. ಆದರೆ ಮೊದಲಿಗರೆಂಬ ಅವರ ಹೇಳಿಕೆಯನ್ನು ಇತಿಹಾಸಕಾರರು ಇಂದಿಗೂ ಪ್ರಶ್ನಿಸುತ್ತಾರೆ.

ಆದ್ದರಿಂದ ಪ್ರಮಾಣಪತ್ರದಲ್ಲಿ 'ಅತ್ಯುತ್ತಮ ಸಾಧನೆಗಾಗಿ' ಎಂದಷ್ಟೇ ಬರೆದರೆ ಸಾಲದು. ಅಂಥದ್ದು ಹತ್ತರ ಜೊತೆ ಹನ್ನೊಂದಾಗಿ ಕಪಾಟು ಸೇರುತ್ತದೆ. ವಿದ್ಯಾರ್ಥಿ ಮಾಡಿದ್ದೇನು ಎಂಬುದು ಎರಡು ಸಾಲಿನಲ್ಲಾದರೂ ಸ್ಪಷ್ಟವಾಗಿ ಇರಲಿ. ಆಯ್ಕೆಯಲ್ಲಿ ವೈದ್ಯರ ಜೊತೆಗೆ ವೈದ್ಯಕೀಯ ಭೌತವಿಜ್ಞಾನಿಗೂ ಚಿಕಿತ್ಸಾ ಯಂತ್ರ ನಡೆಸುವ ತಂತ್ರಜ್ಞರಿಗೂ ಮಾತಿರಲಿ. ಚಿಕಿತ್ಸೆಯ ವೇಳೆ ತಲೆ ಅಲುಗದಂತೆ ಮುಖಕ್ಕೆ ಮಾಸ್ಕ್ ಬಿಗಿಸಿದಾಗ ಗಾಬರಿಯಾದ ರೋಗಿಯ ಬಳಿ ಯಾವ ವಿದ್ಯಾರ್ಥಿ ನಿಂತು ಧೈರ್ಯ ಹೇಳಿದ ಎಂಬುದನ್ನು ಕಂಡವರು ಹೆಚ್ಚಾಗಿ ಅವರೇ. ನಗದು ಬಹುಮಾನಕ್ಕಿಂತಲೂ, ಬೇರೊಂದು ಕೇಂದ್ರದಲ್ಲಿ ಕೆಲವು ವಾರ ಇದ್ದು ಕಲಿಯಲು ಪ್ರಯಾಣ ಮತ್ತು ವಸತಿಯ ವೆಚ್ಚ ಕೊಡುವುದು ಇಂಥವರಿಗೆ ಹೆಚ್ಚು ಉಪಯುಕ್ತ.