ಬರೆಯ ಪಕ್ಕದ ಮನೆ

ಚಳ್ಳಕೆರೆಯಿಂದ ವರ್ಗವಾಗಿ ಬಂದ ನಮಗೆ ಕೊಡಗಿನ ಚೇರಂಬಾಣೆಯ ಹತ್ತಿರ ಒಂದು ಹೆಂಚಿನ ಮನೆ ಬಾಡಿಗೆಗೆ ಸಿಕ್ಕಿತು. ಎದುರಿಗೆ ಕಾಫಿ ತೋಟ, ಹಿಂದೆ ಬರೆ. ಗುಡ್ಡ ಕಡಿದು ಮನೆಗೆ ಜಾಗ ಮಾಡಿದಾಗ ಹಿಂಬದಿ ಉಳಿಯುತ್ತದಲ್ವಾ ಮಣ್ಣಿನ ಗೋಡೆ, ಅದು. ಮೇ ಕೊನೆಯಲ್ಲಿ ಸಾಮಾನು ಇಳಿಸಿದೆವು. ಹಾಲುಕ್ಕಿಸಿದ ಪಾತ್ರೆ ಇನ್ನೂ ಒಲೆಯ ಮೇಲೇ ಇತ್ತು, ಪಕ್ಕದ ಮನೆಯ ಅಕ್ಕ ಬಂದರು. ಯಾವ ಊರು, ಯಾವ ಶಾಲೆ ಅಂತ ಕೇಳುವ ಮೊದಲೇ ಅವರು ಕೇಳಿದ್ದು, "ಸೌದೆ ಎಷ್ಟುಂಟು?"

ಗ್ಯಾಸ್ ಇದೆ ಅಂದೆ.

"ಗ್ಯಾಸಲ್ಲಿ ಬಟ್ಟೆ ಒಣಗ್ತದಾ?"

ಸಂಜೆಗೆ ಅವರ ಯಜಮಾನರು ಜೀಪಿನಲ್ಲಿ ಸೌದೆ ತಂದು ಹಾಕಿದರು. ಬೇಸಿಗೆಯಲ್ಲಿ ಮರಗಸಿ, ಅಂದರೆ ತೋಟದ ನೆರಳಿನ ಮರಗಳನ್ನು ಸವರುವ ಕೆಲಸ, ಮಾಡಿದಾಗ ಸಿಕ್ಕಿದ ಕೊಂಬೆಗಳು, ಸಿಲ್ವರ್ ಓಕ್ ತುಂಡುಗಳು, ಕಿತ್ತು ತೆಗೆದ ಹಳೇ ಕಾಫಿ ಗಿಡದ ಬುಡಗಳು. ಜೋಡಿಸುವುದನ್ನೂ ಅಕ್ಕನೇ ನಿಂತು ತೋರಿಸಿದರು. ಕಾಫಿ ಬುಡ ಕೆಳಗೆ, ಅದು ನಿಧಾನಕ್ಕೆ ಉರಿಯುತ್ತದೆ, ರಾತ್ರಿಗೆ ಬೇಕು. ಸಣ್ಣ ಕಡ್ಡಿಗಳು ಬಚ್ಚಲ ಒಲೆಯ ಮೇಲಿನ ಅಟ್ಟಕ್ಕೆ, ಹೊಗೆ ತಾಗಿ ಗರಿಗರಿಯಾಗಿ ಇರಬೇಕು. ಅದೇ ಒಲೆಯ ಮೇಲೆ ಅಡ್ಡಡ್ಡ ಹಗ್ಗ ಕಟ್ಟಿಸಿದರು. ಮಗನ ಯೂನಿಫಾರ್ಮ್ ಮಳೆಗಾಲವಿಡೀ ಒಣಗಿದ್ದು ಅಲ್ಲೇ. ಸೋಮವಾರ ಬೆಳಿಗ್ಗೆ ಅದನ್ನು ಹಾಕಿಕೊಂಡರೆ ಹೊಗೆಯ ವಾಸನೆ. ತರಗತಿಯ ಎಲ್ಲಾ ಮಕ್ಕಳ ಮೈಯಿಂದಲೂ ಅದೇ ವಾಸನೆ ಬರುತ್ತಿತ್ತು. ನನಗೆ ಅದು ಇಷ್ಟವಾಯಿತು.

ಆಮೇಲೆ ಹೆಂಚು. ತೋಟದ ಕೆಲಸಗಾರರ ಲೈನ್ ಮನೆಯಲ್ಲಿರುವ ಒಬ್ಬ ಹುಡುಗ ತನ್ನ ಭಾನುವಾರ ಬಿಟ್ಟುಕೊಟ್ಟು ಮಾಡು ಹತ್ತಿ ಹೆಂಚು ಕೈಯಾಡಿಸಿದ. ಒಂದೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಡುತ್ತಿದ್ದ. ಗಟ್ಟಿ ಹೆಂಚು ಠಣ್ ಅನ್ನುತ್ತದೆ, ಕೂದಲೆಳೆಯಷ್ಟು ಸೀಳಿದ್ದರೂ ಸದ್ದು ಮಂಕಾಗುತ್ತದೆ. ಕಣ್ಣಿಗೆ ಕಾಣದ ಸೀಳನ್ನು ಕಿವಿ ಹಿಡಿಯುತ್ತದೆ. ಮಂಗಗಳು ಓಡಾಡಿ ಸರಿಸಿದ್ದನ್ನೆಲ್ಲಾ ಸೇರಿಸಿ, ಒಡೆದದ್ದನ್ನು ಬದಲಿಸಿ ಇಳಿದ. ರಕ್ತ ಹೀರುವ ಉಂಬಳಕ್ಕೆ ಸುಣ್ಣ, ಹೊಗೆಸೊಪ್ಪು ಕಟ್ಟಿದ ಬಟ್ಟೆಗಂಟು, ಉಪ್ಪು ಮತ್ತು ಬೆಂಕಿಪೊಟ್ಟಣಕ್ಕೆ ಬಿಗಿ ಮುಚ್ಚಳದ ಡಬ್ಬಿ, ಇವೆಲ್ಲಾ ಒಬ್ಬೊಬ್ಬರು ಒಂದೊಂದಾಗಿ ತಂದುಕೊಟ್ಟವು.

ಇಲ್ಲಿ ಮಳೆಯನ್ನು ಇಂಚಿನಲ್ಲಿ ಅಳೆಯುತ್ತಾರೆ, ಅದರ ಕೆಳಗೆ ಸೆಂಟ್ಸ್, ಅಂದರೆ ಇಂಚಿನ ನೂರನೇ ಒಂದು ಪಾಲು. ಪಕ್ಕದ ಮನೆಯ ಅಣ್ಣ ಅಂಗಳದ ಮಳೆಮಾಪಕವನ್ನು ಬೆಳಿಗ್ಗೆ ನೋಡಿ ಪುಸ್ತಕದಲ್ಲಿ ಬರೆದಿಡುತ್ತಾರೆ. ಅವರ ತಂದೆಯ ಕಾಲದ ಪುಸ್ತಕಗಳೂ ಕಪಾಟಿನಲ್ಲಿವೆ. ಹಾಲಿನವರು, ಅಂಗಡಿಯವರು, ಬಸ್ಸಿನಲ್ಲಿ ಪಕ್ಕ ಕೂತವರು, ಎಲ್ಲರದ್ದೂ ಒಂದೇ ಪ್ರಶ್ನೆ, "ನಿಮ್ಮಲ್ಲಿ ಎಷ್ಟಾಯ್ತು?" ನಮ್ಮ ಚಳ್ಳಕೆರೆ ಕಡೆ ವರ್ಷಕ್ಕೆಲ್ಲಾ ಸೇರಿ 20 ಇಂಚು ಬಿದ್ದರೆ ಹಬ್ಬ. ಇಲ್ಲಿ ಭಾಗಮಂಡಲದ ಕಡೆ ವರ್ಷಕ್ಕೆ 200 ಇಂಚು ದಾಟುವುದುಂಟು. ಜುಲೈ ಬಂತು ನೋಡಿ, ಆ ಲೆಕ್ಕ ನನಗೆ ಮೈಗೇ ಅರ್ಥವಾಯಿತು. ಕರೆಂಟ್ ಹೋದರೆ ದಿನಗಟ್ಟಲೆ ಬರುತ್ತಿರಲಿಲ್ಲ. ಗೋಡೆಗೆ ಬೂಷ್ಟು, ಚಪ್ಪಲಿಗೆ ಬೂಷ್ಟು. ಮಾಡಿನ ಮೇಲೆ ಬೀಳುವ ಸದ್ದಿಗೆ ಫೋನಿನಲ್ಲಿ ಅಮ್ಮನ ಮಾತು ಕೇಳುತ್ತಿರಲಿಲ್ಲ.

ಜುಲೈ ಕೊನೆಯ ಆ ರಾತ್ರಿ ಊಟ ಮುಗಿಸಿ ಮಗನನ್ನು ಮಲಗಿಸಿದ್ದೆವು. ಟಾರ್ಚಿನ ಬೆಳಕು ಅಂಗಳದಲ್ಲಿ ಆಡಿತು. ಅಣ್ಣ ಪ್ಲಾಸ್ಟಿಕ್ ಕೊಪ್ಪೆ ಹೊದ್ದು ಬಂದಿದ್ದರು. ಒಳಗೆ ಬರಲಿಲ್ಲ, ನೇರ ಹಿತ್ತಿಲಿಗೆ ಹೋದರು. ಬರೆಯ ಬುಡದಲ್ಲಿ ಪ್ರತಿ ಮಳೆಗಾಲವೂ ಜಲ ಏಳುವ, ನೆಲದೊಳಗಿಂದ ನೀರು ಉಕ್ಕುವ ಜಾಗ ಒಂದಿದೆಯಂತೆ. ಆ ಮನೆಯಲ್ಲಿ ಹಿಂದೆ ಇದ್ದವರ ಕಾಲದಿಂದಲೂ ಅವರಿಗೆ ಗೊತ್ತು. "ಒಂದು ಲೋಟ ಕೊಡಿ" ಅಂದರು. ಸ್ಟೀಲ್ ಲೋಟ ಕೊಟ್ಟೆ. ಚಿಮ್ಮುತ್ತಿದ್ದ ನೀರು ಹಿಡಿದು ಟಾರ್ಚ್ ಬಿಟ್ಟು ನೋಡಿದರು. ಲೋಟದ ತಳ ಕಾಣುತ್ತಿರಲಿಲ್ಲ. ಕೆಂಪು ನೀರು. ನಿನ್ನೆವರೆಗೂ ತಿಳಿಯಾಗಿತ್ತು ಅಂದರು. ಆಮೇಲೆ ಬೆಳಕನ್ನು ಒಂದು ಮಾರು ಆಚೆ ಹಿಡಿದರು. ಅಲ್ಲಿ ಹೊಸದಾಗಿ ಇನ್ನೊಂದು ಜಲ ಎದ್ದಿತ್ತು.

"ಟೀಚರೇ, ಮಗುವನ್ನ ಎತ್ತಿಕೊಳ್ಳಿ. ಇವತ್ತು ನಮ್ಮಲ್ಲೇ."

ಹೆಚ್ಚು ಮಾತಿರಲಿಲ್ಲ. ನಮ್ಮವರು ಮಗನನ್ನು ಕಂಬಳಿಯಲ್ಲಿ ಸುತ್ತಿ ಹೆಗಲಿಗೆ ಹಾಕಿಕೊಂಡರು. ನಾನು ಸರ್ಟಿಫಿಕೇಟುಗಳ ಚೀಲ ಹಿಡಿದೆ. ಅವರ ಮನೆಯಲ್ಲಿ ಅಜ್ಜಿ ಆಗಲೇ ಅಡುಗೆಮನೆಯ ಒಲೆ ಕೆದಕಿ ಬೆಂಕಿ ಎಬ್ಬಿಸಿದ್ದರು. ಕರಿಮೆಣಸು, ಬೆಲ್ಲ ಹಾಕಿದ ಕಾಫಿ ಕೊಟ್ಟರು. ಹಾಸಿಗೆ ಹಾಸಿಯೇ ಇತ್ತು. ಅಂದರೆ ಅಣ್ಣ ನಮ್ಮ ಹಿತ್ತಿಲಿಗೆ ಬರುವ ಮೊದಲೇ ಇವರು ಹಾಸಿದ್ದರು!

ಆ ರಾತ್ರಿಯೇ 2018ರ ಮಾತು ಬಂತು. ಆ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ ಕಡೆ ಗುಡ್ಡಗಳು ಜಾರಿದ್ದನ್ನು ನಾನು ಟಿವಿಯಲ್ಲಿ ನೋಡಿದ್ದೆ. ಅಜ್ಜಿಗೆ ಅದು ನೆಂಟರ ಮನೆಗಳ ಸುದ್ದಿ. ಅವರ ಸಂಬಂಧಿಕರೊಬ್ಬರು ಉಟ್ಟ ಬಟ್ಟೆಯಲ್ಲಿ ಪರಿಹಾರ ಕೇಂದ್ರಕ್ಕೆ ಬಂದವರು, ತಿರುಗಿ ಹೋಗಿ ನೋಡಿದರೆ ತೋಟವೂ ಇಲ್ಲ, ಮನೆಯೂ ಇಲ್ಲ. ಅಲ್ಲಿಂದೀಚೆಗೆ ನೀರು ಕೆಂಪಾದರೆ ಯಾರೂ ಬೆಳಗಾಗಲಿ ನೋಡುವ ಅನ್ನುವುದಿಲ್ಲ. ಅಜ್ಜಿ ಇದನ್ನು ಹೇಳುವಾಗ ಮಗನ ಕಾಲಿಗೆ ಕಂಬಳಿ ಸರಿಮಾಡುತ್ತಲೇ ಇದ್ದರು.

ಬೆಳಿಗ್ಗೆ ಬಂದು ನೋಡಿದರೆ ಬರೆ ಕುಸಿದಿತ್ತು. ದೊಡ್ಡದೇನಲ್ಲ. ಬಚ್ಚಲಿನ ಗೋಡೆಯವರೆಗೆ ಮಣ್ಣು ಬಂದು ನಿಂತಿತ್ತು, ಮಲಗುವ ಕೋಣೆಯ ಕಿಟಕಿಗೆ ಒಂದು ಕಾಫಿ ಗಿಡ ಬೇರುಸಮೇತ ಒರಗಿತ್ತು. ನನ್ನ ಕೈಕಾಲು ನಡುಗಿದ್ದು ಆಗಲೇ. ಅಣ್ಣ ಮಾಪಕ ನೋಡಿ ಬಂದು ಹೇಳಿದರು, 7 ಇಂಚು 30 ಸೆಂಟ್ಸ್.

ಸುತ್ತಲಿನ ಮನೆಗಳಿಂದ ಗುದ್ದಲಿ ಹಿಡಿದು ಜನ ಬಂದರು. ಯಾರೂ ಕರೆದಿರಲಿಲ್ಲ. ಕೊಡವರ ಮನೆಯವರು ಟಾರ್ಪಾಲು ತಂದರು, ಲೈನ್ ಮನೆಯವರು ರಸಗೊಬ್ಬರದ ಖಾಲಿ ಚೀಲಗಳಿಗೆ ಮಣ್ಣು ತುಂಬಿದರು. ಬರೆಯ ತಲೆಯ ಮೇಲೆ ಕಣಿ ತೋಡಿ ನೀರನ್ನು ತೋಟದ ಕಡೆ ತಿರುಗಿಸಿದರು. ಮಣ್ಣು ಎತ್ತುವುದಕ್ಕಿಂತ ಅದೇ ಮುಖ್ಯ, ಮೇಲಿನ ನೀರು ಬರೆಗೆ ಇಳಿಯಬಾರದು. ಮಧ್ಯಾಹ್ನ ಅಕ್ಕ ಅಕ್ಕಿರೊಟ್ಟಿ, ಕಣಿಲೆ ಸಾರು ಕಳಿಸಿದರು. ಮಳೆ ಕಡಿಮೆಯಾಗುವವರೆಗೆ ನಾವು ಅವರ ಮನೆಯಲ್ಲೇ ಇದ್ದೆವು. ಮಾಲೀಕರು ಮೈಸೂರಿನಿಂದ ಬಂದು ನೋಡಿ, ಬೇಸಿಗೆಗೆ ಕಲ್ಲಿನ ತಡೆಗೋಡೆ ಕಟ್ಟಿಸುವುದಾಗಿ ಒಪ್ಪಿದರು. ಅವರ ಜೊತೆ ಮಾತಾಡಿದ್ದೂ ಅಣ್ಣನೇ.

ನಾವಿನ್ನೂ ಅಲ್ಲಿರುವಾಗಲೇ ಆಗಸ್ಟ್ 3 ಬಂತು. ಕೊಡವರಿಗೆ ಅದು ಕಕ್ಕಡ ತಿಂಗಳ 18, ಅಕ್ಕನ ಮನೆಯಂಥ ಅರೆಭಾಷೆ ಮಾತಾಡುವವರಿಗೆ ಆಟಿ ತಿಂಗಳ 18. ಬೇಲಿಯ ಬದಿಯ ಮದ್ದುಸೊಪ್ಪಿಗೆ ಆ ಹೊತ್ತಿಗೆ 18 ಬಗೆಯ ಔಷಧಿಗಳ ಗುಣ ಸೇರುತ್ತದೆ ಅನ್ನುವುದು ಇಲ್ಲಿಯವರ ನಂಬಿಕೆ. ಅಜ್ಜಿ ಸೊಪ್ಪನ್ನು ದಂಟು ಸಮೇತ ಕುದಿಸಿದರು. ನೀರು ನೇರಳೆ ಬಣ್ಣಕ್ಕೆ ತಿರುಗಿತು, ಮನೆಯೆಲ್ಲಾ ಘಮ. ಅದರಲ್ಲೇ ಅಕ್ಕಿ ಬೇಯಿಸಿ, ಬೆಲ್ಲ, ತೆಂಗಿನಹಾಲು ಹಾಕಿ ಪಾಯಸ ಮಾಡಿದರು. ನಾಳೆ ಮೂತ್ರ ಕೆಂಪಗೆ ಹೋದರೆ ಹೆದರಬೇಡ ಅಂತ ಮಗನಿಗೆ ಮೊದಲೇ ಹೇಳಿದರು. ಅವನು ಎರಡು ಸಲ ಹಾಕಿಸಿಕೊಂಡು ತಿಂದ.

ಈ ಬೇಸಿಗೆಯಲ್ಲಿ ತಡೆಗೋಡೆ ಎದ್ದಿತು. ನೀರು ಹೊರಬರಲು ಅದರಲ್ಲಿ ಪೈಪು ಬಿಡಿಸಬೇಕು ಅಂತ ಅಣ್ಣ ಪಟ್ಟು ಹಿಡಿದು ಬಿಡಿಸಿದರು. ಬಾಡಿಗೆ ಕರಾರು ಹನ್ನೊಂದು ತಿಂಗಳದ್ದು. ಮುಂದುವರಿಸ್ತೀರಾ ಅಂತ ಮಾಲೀಕರು ಫೋನ್ ಮಾಡಿದಾಗ ನಾನು ಬಚ್ಚಲ ಅಟ್ಟಕ್ಕೆ ಕಡ್ಡಿ ಏರಿಸುತ್ತಿದ್ದೆ. ಸೌದೆ ಆಗಲೇ ಹಾಕಿಸಿಯಾಗಿದೆ ಸಾರ್ ಅಂದೆ.